ದೇವನಾಗರಿ ಬಲ್ಲ ಮಕ್ಕಳಿಗೆ ಕನ್ನಡ ಬರೆಹ

ಮುಂಬಯಿಯ ಕನ್ನಡ ಶಾಲೆಗಳಿಗೆ ಹೊಸದಾಗಿ ಬರುವ ಶಿಕ್ಷಕರಲ್ಲಿ ಒಂದು ಅರಿಕೆ. ನಮ್ಮ ಮಕ್ಕಳ ಕಣ್ಣಿಗೆ ಬೀದಿಯಲ್ಲೂ ರೈಲಿನಲ್ಲೂ ಮೊದಲು ಬೀಳುವುದು ದೇವನಾಗರಿಯಾದ್ದರಿಂದ ಅವರ ತಪ್ಪುಗಳು ಬಹುಮಟ್ಟಿಗೆ ಅಲ್ಲಿಂದಲೇ ಬರುತ್ತವೆ. ಮರಾಠಿ ಬರೆಹದಲ್ಲಿ ಎ-ಏ, ಒ-ಓ ಎಂಬ ಹ್ರಸ್ವ-ದೀರ್ಘ ಭೇದವಿಲ್ಲ. ನನ್ನ ಎರಡನೇ ತರಗತಿಯ ಹುಡುಗಿಯೊಬ್ಬಳು 'ಅಮ್ಮ ಬೆಳೆ ಸಾರು ಮಾಡಿದಳು' ಎಂದು ಬರೆದಾಗ ಕೆಂಪು ಗೆರೆ ಎಳೆಯದೆ, ಬೆಳೆ-ಬೇಳೆ, ಕೊಡು-ಕೋಡು ಎಂಬ ಜೋಡಿಗಳನ್ನು ಗಟ್ಟಿಯಾಗಿ ಹೇಳಿಸಿ, ದೀರ್ಘಕ್ಕೆ ಕೈ ಚಾಚಿಸಿದೆ. ಕಿವಿ ಪಳಗಿದ ಮೇಲೆ ಕೈಯೂ ಸರಿಹೋಯಿತು.

ಒತ್ತಕ್ಷರದ ತೊಡಕು ಇದಕ್ಕಿಂತ ದೊಡ್ಡದು. 'ಪುಸ್ತಕ'ವನ್ನು ಮರಾಠಿಯಲ್ಲಿ ಬರೆಯುವಾಗ ಸಕಾರ ಅರ್ಧವಾಗುತ್ತದೆ. ಕನ್ನಡದಲ್ಲಿ ಸಕಾರ ಪೂರ್ತಿಯಾಗಿ ನಿಂತು, ತಕಾರ ಕೆಳಗಿಳಿಯುತ್ತದೆ. ಆದ್ದರಿಂದ ಅಕ್ಕ, ಹಬ್ಬ, ಬೆಲ್ಲದಂತಹ ಸಜಾತೀಯ ಒತ್ತುಗಳನ್ನು ವಾರಗಟ್ಟಲೆ ಬರೆಸಿ, ಆಮೇಲೆ ವಿಜಾತೀಯ ಒತ್ತುಗಳಿಗೆ ಹೋಗಿ. ಅರ್ಕಾವೊತ್ತನ್ನು ಕೊನೆಗೆ ಇಡಿ, ಏಕೆಂದರೆ ದೇವನಾಗರಿಯ ರೇಫ, ಅಂದರೆ ಅರ್ಧ ರಕಾರದ ಗುರುತು, ತಲೆಯ ಮೇಲೆ ಕೂತರೆ ನಮ್ಮದು ಅಕ್ಷರದ ಬಲಕ್ಕೆ ಕೂರುತ್ತದೆ. ಳಕಾರದ ಚಿಂತೆ ಬೇಡ, ಮರಾಠಿಯಲ್ಲೂ ಅದಿದೆ. ವರ್ಣಮಾಲೆಯ ಕ್ರಮಕ್ಕೆ ಅಂಟಿಕೊಳ್ಳದೆ ವ, ಪ, ಮ, ಷ ಮುಂತಾದ ಒಂದೇ ಆಕಾರದ ಅಕ್ಷರಗಳನ್ನು ಒಟ್ಟಿಗೆ ಕಲಿಸಿದರೆ ಬರೆಹ ಬೇಗ ಕೈಗೂಡುತ್ತದೆ.