ಸಿಸೇರಿಯನ್ ಆದ ಹೊಟ್ಟೆಯಲ್ಲಿ ಗರ್ಭಕೋಶ ತೆಗೆಯುವ ಬಗೆ

ತಾಲ್ಲೂಕು ಮಟ್ಟದ ಆಸ್ಪತ್ರೆಯೊಂದರಲ್ಲಿ ಸ್ತ್ರೀರೋಗ ತಜ್ಞೆಯಾಗಿರುವ ನನ್ನ ಬಳಿ ಗರ್ಭಕೋಶದ ಆಪರೇಷನ್‌ಗೆಂದು ಬರುವ ಹೆಂಗಸರಲ್ಲಿ ಹಲವರಿಗೆ ಈಗಾಗಲೇ ಒಂದೋ ಎರಡೋ ಸಿಸೇರಿಯನ್ ಆಗಿರುತ್ತದೆ. ಗರ್ಭಕೋಶ ಚಿಕ್ಕದಾಗಿದ್ದು ಸಲೀಸಾಗಿ ಅಲುಗಾಡುವಂತಿದ್ದರೆ ಯೋನಿಮಾರ್ಗವೇ ಉತ್ತಮವೆಂಬುದು ನನ್ನ ನಿಲುವು. ಹಾಗಾಗಿ ಹೊಟ್ಟೆ ಕೊಯ್ದು ಮಾಡುವ ಪದ್ಧತಿಗೆ ಉಳಿಯುವುದು ತೊಡಕಿನ ಕೇಸುಗಳೇ: ಹದಿನಾರು ವಾರದ ಬಸಿರಿನಷ್ಟು ಬೆಳೆದ ಫೈಬ್ರಾಯ್ಡ್ ಗಡ್ಡೆ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪೊರೆಯಂಥ ಅಂಗಾಂಶ ಹೊರಗೆ ಬೆಳೆಯುವ ಕಾಯಿಲೆ), ಹಳೆಯ ಹೊಲಿಗೆಯಿಂದ ಹೊಟ್ಟೆಯ ಗೋಡೆಗೆ ಕಚ್ಚಿಕೊಂಡ ಗರ್ಭಕೋಶ. ಮಾತ್ರೆಯಿಂದಲೋ ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಕಾಯಿಲ್‌ನಿಂದಲೋ ನಿಲ್ಲಬಹುದಾದ ರಕ್ತಸ್ರಾವಕ್ಕೆ ನಾನು ಚಾಕು ಹಿಡಿಯುವುದಿಲ್ಲ. ಪ್ಯಾಪ್ ಸ್ಮಿಯರ್ (ಗರ್ಭಕಂಠದ ಕ್ಯಾನ್ಸರ್ ತಪಾಸಣೆ) ಮತ್ತು ಗರ್ಭಕೋಶದ ಒಳಪೊರೆಯ ಬಯಾಪ್ಸಿ ವರದಿಗಳು ಕೈಗೆ ಬಾರದೆ, ರಕ್ತಹೀನತೆ ಸರಿಹೋಗದೆ ಓಟಿ ಪಟ್ಟಿಯಲ್ಲಿ ಹೆಸರು ಬರೆಯುವುದೂ ಇಲ್ಲ.

ಅಂಟಿಕೆಯ ಸುಳಿವು ಪರೀಕ್ಷೆಯ ಮೇಜಿನ ಮೇಲೆಯೇ ಸಿಗುವುದುಂಟು. ಗರ್ಭಕಂಠ ಬಹಳ ಮೇಲಕ್ಕೆ ಸೆಳೆದುಕೊಂಡಿದ್ದು ಯೋನಿಯನ್ನು ಅಗಲಿಸಿ ನೋಡುವ ಸ್ಪೆಕ್ಯುಲಮ್‌ಗೆ ಸುಲಭವಾಗಿ ಕಾಣದಿದ್ದರೆ, ಅದನ್ನು ಹಿಡಿದು ಕೆಳಗೆಳೆದಾಗ ಹೊಕ್ಕುಳದ ಕೆಳಗಿನ ಚರ್ಮ ಒಳಕ್ಕೆ ಗುಳಿಬಿದ್ದರೆ, ಗರ್ಭಕೋಶ ಮುಂದಿನ ಗೋಡೆಗೆ ಅಂಟಿದೆ ಎಂದೇ ಭಾವಿಸಿ ಸಿದ್ಧಳಾಗುತ್ತೇನೆ.

ಚರ್ಮ ಕೊಯ್ಯುವ ಮೊದಲಿನ ಒಂದು ಗಂಟೆಯೊಳಗೆ ಸೋಂಕು ತಡೆಯುವ ಆ್ಯಂಟಿಬಯಾಟಿಕ್ ಸೆಫಜೋಲಿನ್ 2 ಗ್ರಾಂ ಕೊಡಿಸಿ, ಮೂತ್ರ ಹೊರಹರಿಸುವ ಕೊಳವೆಯಾದ ಫೋಲಿ ಕ್ಯಾಥೆಟರ್ ಹಾಕಿಸಿ, ಸಾಮಾನ್ಯವಾಗಿ ಹಳೆಯ ಅಡ್ಡ ಗಾಯದ ಗುರುತಿನಲ್ಲೇ ಕೊಯ್ಯುತ್ತೇನೆ. ಗಡ್ಡೆ ತೀರ ದೊಡ್ಡದಿದ್ದರೆ ಮಾತ್ರ ಉದ್ದ ಕೊಯ್ತ. ಆದರೆ ಚರ್ಮವನ್ನು ಎಲ್ಲಿ ಕೊಯ್ದರೂ ಪೆರಿಟೋನಿಯಮ್ (ಹೊಟ್ಟೆಯ ಒಳಗಿನ ತೆಳುಪೊರೆ) ತೆರೆಯುವುದು ಸಾಧ್ಯವಾದಷ್ಟು ಮೇಲ್ಗಡೆ, ಏಕೆಂದರೆ ಸಿಸೇರಿಯನ್ ನಂತರ ಮೂತ್ರಕೋಶ ತನ್ನ ಜಾಗ ಬಿಟ್ಟು ಮೇಲಕ್ಕೆ ಬಂದಿರಬಹುದು.

1929ರಲ್ಲಿ ಅಮೆರಿಕದ ಬಾಲ್ಟಿಮೋರಿನ ವೈದ್ಯ ಎಡ್ವರ್ಡ್ ರಿಚರ್ಡ್ಸನ್ ವಿವರಿಸಿದ ಕ್ರಮವೇ ಇಂದಿಗೂ ನಮ್ಮ ಕೈಯಲ್ಲಿದೆ. ಹೊಲಿಗೆಗೆ ಅಂದಿನ ಕ್ಯಾಟ್‌ಗಟ್ ದಾರ ಹೋಗಿ ವಿಕ್ರಿಲ್ ದಾರ ಬಂದಿದೆ, ಅಷ್ಟೆ. ಗರ್ಭಕೋಶದ ಎರಡೂ ಬದಿಗೆ ಉದ್ದನೆಯ ಕ್ಲ್ಯಾಂಪ್ ಹಾಕಿ ಸಹಾಯಕರ ಕೈಗೆ ಕೊಟ್ಟ ಮೇಲೆ ಮೊದಲು ಅದನ್ನು ಹಿಡಿದಿಡುವ ಹಗ್ಗದಂಥ ರೌಂಡ್ ಲಿಗಮೆಂಟ್ ಕಟ್ಟಿ ಕತ್ತರಿಸಿ, ಇಕ್ಕೆಲದಲ್ಲಿ ಹರಡಿರುವ ಪೊರೆಯಾದ ಬ್ರಾಡ್ ಲಿಗಮೆಂಟಿನ ಎರಡು ಪದರಗಳನ್ನು ಬಿಡಿಸುತ್ತೇನೆ. ಕಿಡ್ನಿಯಿಂದ ಮೂತ್ರಕೋಶಕ್ಕೆ ಮೂತ್ರ ತರುವ ನಾಳ, ಅಂದರೆ ಯುರೀಟರ್, ಹಿಂದಿನ ಪದರಕ್ಕೆ ಅಂಟಿಕೊಂಡು ಇಳಿಯುತ್ತಿರುತ್ತದೆ. ಅದರ ಪಕ್ಕದಲ್ಲಿ ರಕ್ತನಾಳವೂ ಬಿಳಿಯಾಗಿಯೇ ಕಾಣಬಹುದು. ಫೋರ್ಸೆಪ್ಸ್‌ನ ತುದಿಯಿಂದ ಮೆಲ್ಲಗೆ ತಟ್ಟಿ ಒಂದೆರಡು ಕ್ಷಣ ಕಾದರೆ ಯುರೀಟರ್ ಮಾತ್ರ ಎರೆಹುಳುವಿನಂತೆ ಹರಿದಾಡುತ್ತದೆ. ಅದನ್ನು ಕಣ್ಣಾರೆ ಕಂಡ ಮೇಲೆಯೇ ಅದರ ಮೇಲ್ಗಡೆ ಪೆರಿಟೋನಿಯಮ್‌ನಲ್ಲಿ ಕಿಂಡಿ ಮಾಡಿ, ಅಂಡಾಶಯ ಉಳಿಸುವುದಾದರೆ ಗರ್ಭಕೋಶದ ಹತ್ತಿರ, ತೆಗೆಯುವುದಾದರೆ ಅಂಡಾಶಯದ ಹೊರಬದಿಗೆ ಕ್ಲ್ಯಾಂಪ್ ಹಾಕುತ್ತೇನೆ. ನಲವತ್ತರ ಆಸುಪಾಸಿನವರಲ್ಲಿ ಆರೋಗ್ಯವಾಗಿರುವ ಅಂಡಾಶಯವನ್ನು ‘ಹೇಗೂ ಹೊಟ್ಟೆ ತೆರೆದಿದ್ದೇವಲ್ಲ’ ಎಂದು ತೆಗೆದುಹಾಕುವ ರೂಢಿ ನನಗೆ ಒಪ್ಪಿಗೆಯಿಲ್ಲ. ಮೂಳೆ ಮತ್ತು ಹೃದಯಕ್ಕೆ ಅದರ ಹಾರ್ಮೋನ್ ಇನ್ನೂ ಬೇಕಾಗಿರುತ್ತದೆ. ಡಿಂಬನಾಳಗಳನ್ನು ಮಾತ್ರ, ಮೊದಲೇ ಒಪ್ಪಿಗೆ ಪಡೆದು, ತೆಗೆಯುತ್ತೇನೆ: ಅಂಡಾಶಯದ ಕ್ಯಾನ್ಸರ್ ಎನಿಸಿಕೊಳ್ಳುವವುಗಳಲ್ಲಿ ಹಲವು ಹುಟ್ಟುವುದು ಅವುಗಳ ಅಂಚಿನಲ್ಲಿ.

ಇಡೀ ಶಸ್ತ್ರಚಿಕಿತ್ಸೆಯಲ್ಲಿ ನಾನು ಅತಿ ಹೆಚ್ಚು ಸಮಯ ಕೊಡುವುದು ಮೂತ್ರಕೋಶವನ್ನು ಬಿಡಿಸುವುದಕ್ಕೆ. ಹಿಂದೆ ಕೊಯ್ತವಾಗದ ಗರ್ಭಕೋಶದಲ್ಲಿ ಗಾಜ್ ಸುತ್ತಿದ ಬೆರಳಿನಿಂದ ಒತ್ತಿದರೂ ಮೂತ್ರಕೋಶ ಕೆಳಗಿಳಿಯುತ್ತದೆ. ಸಿಸೇರಿಯನ್ ಆದವರಲ್ಲಿ ಅದೇ ಒತ್ತಡ ಅಪಾಯಕಾರಿ: ಗಾಯದ ಕಲೆಗಿಂತ ಮೂತ್ರಕೋಶದ ಗೋಡೆ ಮೆತ್ತಗಿರುವುದರಿಂದ ಹರಿಯುವುದು ಗೋಡೆಯೇ. ಆದ್ದರಿಂದ ಇಲ್ಲಿ ಗಾಜ್ ಮುಟ್ಟದೆ, ಕತ್ತರಿಯ ತುದಿ ಗರ್ಭಕೋಶದ ಕಡೆಗೇ ಇರುವಂತೆ ಹಿಡಿದು, ಸಹಾಯಕರು ಗರ್ಭಕೋಶವನ್ನು ಮೇಲಕ್ಕೂ ನಾನು ಮೂತ್ರಕೋಶದ ಅಂಚನ್ನು ಮುಂದಕ್ಕೂ ಸೆಳೆದಾಗ ಬಿಗಿಯಾಗುವ ಎಳೆಗಳನ್ನು ಒಂದೊಂದಾಗಿ ಕತ್ತರಿಸುತ್ತೇನೆ. ನಡುವಿನಲ್ಲಿ ಕಲೆ ಕಲ್ಲಿನಂತೆ ಗಟ್ಟಿಯಾಗಿದ್ದರೆ ಅದರೊಡನೆ ಗುದ್ದಾಡದೆ ಪಕ್ಕಕ್ಕೆ ಸರಿಯುತ್ತೇನೆ. ಸಿಸೇರಿಯನ್ ಗಾಯ ಬಹುಮಟ್ಟಿಗೆ ನಡುವಿಗೇ ಸೀಮಿತವಾಗಿರುವುದರಿಂದ ಗರ್ಭಕಂಠದ ಇಕ್ಕೆಲದಲ್ಲಿ, ಬ್ರಾಡ್ ಲಿಗಮೆಂಟಿನ ಪದರಗಳ ನಡುವೆ, ಕಲೆಯಿಲ್ಲದ ಸಡಿಲ ಜಾಗ ಉಳಿದಿರುತ್ತದೆ. ಮುಂಬೈನ ಡಾ. ಶಿರೀಷ್ ಶೇಠ್ ಯೋನಿಮಾರ್ಗದ ಶಸ್ತ್ರಚಿಕಿತ್ಸೆಗೆಂದು ತೋರಿಸಿಕೊಟ್ಟ ಈ ಜಾಗ ಹೊಟ್ಟೆಯ ಕಡೆಯಿಂದಲೂ ಅಷ್ಟೇ ಉಪಯೋಗಕ್ಕೆ ಬರುತ್ತದೆ. ಅಲ್ಲಿಂದ ಒಳಹೊಕ್ಕು ಕಲೆಯ ಕೆಳಗೆ ನಡುವಿಗೆ ಬಂದರೆ ಗಟ್ಟಿ ಭಾಗ ಮೇಲೆ ಕೆಳಗೆ ಎರಡೂ ಕಡೆಯಿಂದ ಬಿಡಿಯಾಗಿ ನಿಲ್ಲುತ್ತದೆ. ಕೊನೆಗೆ ಗರ್ಭಕೋಶದ ಒಂದು ತೆಳು ಚೂರನ್ನು ಮೂತ್ರಕೋಶದ ಮೇಲೆಯೇ ಬಿಟ್ಟರೂ ನಷ್ಟವಿಲ್ಲ. ಮೂತ್ರಕೋಶದ ಅಂಚು ಎಲ್ಲಿದೆಯೆಂಬ ಅನುಮಾನ ಬಂದರೆ ಕ್ಯಾಥೆಟರ್ ಮೂಲಕ ಮಿಥಿಲೀನ್ ಬ್ಲೂ ಬೆರೆಸಿದ 200 ಮಿ.ಲೀ. ಸಲೈನ್ ತುಂಬಿಸಿ ನೋಡುತ್ತೇನೆ. ತೂತು ಬಿದ್ದಿದ್ದರೆ ನೀಲಿ ಅಲ್ಲೇ ಕಾಣುತ್ತದೆ, ಎರಡು ಪದರ ಹೊಲಿಗೆ ಹಾಕಬಹುದು. ಕಾಣದೆ ಹೊಟ್ಟೆ ಮುಚ್ಚಿದ ತೂತೇ ಮುಂದೆ ಫಿಸ್ಟುಲಾ, ಅಂದರೆ ಯೋನಿಗೆ ಮೂತ್ರ ಸೋರುವ ದಾರಿ, ಆಗುವುದು.

ಮೂತ್ರಕೋಶ ಕೆಳಗಿಳಿದರೆ ಯುರೀಟರ್ ಕೂಡ ಹೊರಕ್ಕೂ ಕೆಳಕ್ಕೂ ಸರಿಯುತ್ತದೆ. ಗರ್ಭಕೋಶದ ಮುಖ್ಯ ಅಪಧಮನಿಯ ಅಡಿಯಲ್ಲಿ, ಗರ್ಭಕಂಠದಿಂದ ಸುಮಾರು ಎರಡೇ ಸೆಂಟಿಮೀಟರ್ ದೂರದಲ್ಲಿ ಅದು ಹಾದುಹೋಗುವುದರಿಂದ, ಅಪಧಮನಿಯ ಸುತ್ತಲಿನ ಸಡಿಲ ಅಂಗಾಂಶವನ್ನು ಬಿಡಿಸಿ ತೆಳುವಾಗಿಸಿದ ಮೇಲೆ, ಗರ್ಭಕೋಶವನ್ನು ಮೇಲಕ್ಕೆ ಎಳೆದು ಹಿಡಿಸಿ, ಕ್ಲ್ಯಾಂಪಿನ ತುದಿ ಗರ್ಭಕಂಠದ ಮೈಮೇಲೆಯೇ ಜಾರಿ ಕೂರುವಂತೆ ಅಡ್ಡಲಾಗಿ ಹಾಕುತ್ತೇನೆ. ಮುಂದಿನ ಪ್ರತಿ ಕ್ಲ್ಯಾಂಪ್ ಹಿಂದಿನ ಕಟ್ಟಿನ ಒಳಮಗ್ಗುಲಿಗೇ ಬೀಳಬೇಕು. ಕಟ್ಟು ಜಾರಿ ರಕ್ತ ಚಿಮ್ಮಿದಾಗ ಕುರುಡಾಗಿ ಕ್ಲ್ಯಾಂಪ್ ಹಾಕುವುದೇ ಯುರೀಟರ್ ಸಿಕ್ಕಿಕೊಳ್ಳುವ ಗಳಿಗೆ. ಬೆರಳಿನಿಂದ ಒತ್ತಿ ಹಿಡಿದು, ಸಕ್ಷನ್ ಮಾಡಿಸಿ, ಕಂಡ ನಾಳವನ್ನಷ್ಟೇ ಹಿಡಿಯಬೇಕೆಂದು ಕಿರಿಯರಿಗೆ ಹೇಳುತ್ತಿರುತ್ತೇನೆ. ಗರ್ಭಕಂಠದಲ್ಲೇ ಗಡ್ಡೆಯಿದ್ದರೆ ಈ ಲೆಕ್ಕಾಚಾರ ಕೆಡುತ್ತದೆ. ಆಗ ಮೊದಲು ಗಡ್ಡೆಯ ಪೊರೆಯನ್ನು ಸೀಳಿ ಒಳಗಿನಿಂದಲೇ ಗಡ್ಡೆಯನ್ನು ಬಿಡಿಸಿ ತೆಗೆಯುತ್ತೇನೆ. ಪೊರೆಯ ಒಳಗಿರುವವರೆಗೆ ಯುರೀಟರ್ ಹೊರಗೇ ಇರುತ್ತದೆ. ಗಡ್ಡೆ ಹೋದ ಮೇಲೆ ಅದು ತನ್ನ ಜಾಗಕ್ಕೆ ಮರಳುತ್ತದೆ.

ಯೋನಿಯ ಮೇಲ್ತುದಿ ಮುಚ್ಚುವಾಗ ಎರಡೂ ಮೂಲೆಯ ಹೊಲಿಗೆಗೆ ಆಧಾರದ ಲಿಗಮೆಂಟುಗಳನ್ನು ಸೇರಿಸಿಕೊಳ್ಳುತ್ತೇನೆ; ಮುಂದೆ ಯೋನಿ ಕೆಳಕ್ಕೆ ಜಾರದಿರಲು ಇದು ನೆರವಾಗುತ್ತದೆ.

ಮೂತ್ರಕೋಶಕ್ಕೆ ಪೆಟ್ಟಾಗಿರದಿದ್ದರೆ ಮರುದಿನ ಬೆಳಿಗ್ಗೆ ಕ್ಯಾಥೆಟರ್ ತೆಗೆಸಿ ನಡೆಸುತ್ತೇವೆ. ಪಕ್ಕೆ ನೋವು, ಇಳಿಯದ ಜ್ವರ, ಹೊಟ್ಟೆಯುಬ್ಬರ ಕಂಡರೆ ಕಿಡ್ನಿ ಊದಿದೆಯೇ ಎಂದು ಸ್ಕ್ಯಾನ್ ಮಾಡಿಸಿಬಿಡುತ್ತೇನೆ. ಮನೆಗೆ ಕಳಿಸುವಾಗ ಹೇಳುವ ಮಾತೊಂದಿದೆ, ಏಕೆಂದರೆ ಫಿಸ್ಟುಲಾದ ಸೋರಿಕೆ ಕಾಣಿಸಿಕೊಳ್ಳುವುದು ಹೆಚ್ಚಾಗಿ ಒಂದೆರಡು ವಾರದ ಮೇಲೆ: “ಕೆಳಗೆ ನೀರು ಜಿನುಗಿದರೆ ಬಿಳಿಸೆರಗು ಇರಬಹುದು ಅಂತ ಸುಮ್ಮನಿರಬೇಡಿ ಅಮ್ಮಾ, ಮರುದಿನವೇ ಬಂದುಬಿಡಿ.” ಬಯಾಪ್ಸಿ ವರದಿ ಪಡೆಯಲು ಬರುವ ದಿನವನ್ನೂ ಅದೇ ಚೀಟಿಯಲ್ಲಿ ಬರೆದುಕೊಡುತ್ತೇನೆ.