ದುಬಾರಿ ಸ್ಕೋಪ್ ಬೇಕೇ? ಮೊದಲು ಹೆಜ್ಜೆ ಎಣಿಸಿ

ಅಮೆರಿಕದ ವಿಸ್ಕಾನ್ಸಿನ್‌ಗೆ ಬಂದ ಮೇಲೆ ನನ್ನ ಮೊದಲ ಜಿಂಕೆ ಬೇಟೆ. ನವೆಂಬರ್, ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚಿನ ಶನಿವಾರ. ಇಲ್ಲಿ ಒಂಬತ್ತು ದಿನಗಳ ಕೋವಿ ಬೇಟೆ ಶುರುವಾಗುವುದೇ ಅವತ್ತು. ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ ತೊಟ್ಟು, ಓಕ್ ಮರಕ್ಕೆ ಕಟ್ಟಿದ ಅಟ್ಟಣೆಯನ್ನು ಕತ್ತಲಲ್ಲೇ ಹತ್ತಿ ಕುಳಿತಿದ್ದೆ. ಮಲೆನಾಡಿನ ಹಳಬರು ‘ಮರಸು ಕೂರೋದು’ ಅನ್ನುತ್ತಿದ್ದರಲ್ಲ, ಅದೇ. ಏಳು ಗಂಟೆಯ ಹೊತ್ತಿಗೆ ತರಗೆಲೆ ಸರಕ್ಕೆಂದಿತು. ನಲವತ್ತು ಗಜದಲ್ಲಿ ಜಿಂಕೆ. ಸದ್ದಾಗದಂತೆ ರೈಫಲ್ ಎತ್ತಿ, ಅದರ ಮೇಲೆ ಕೂಡಿಸಿದ ಗುರಿ ದುರ್ಬೀನಿಗೆ, ಅಂದರೆ ಸ್ಕೋಪಿಗೆ, ಕಣ್ಣು ಕೊಟ್ಟರೆ ಬರೀ ಕಂದು ಕೂದಲು. ಬೆನ್ನೋ, ತೊಡೆಯೋ, ಹೊಟ್ಟೆಯೋ ಒಂದೂ ತಿಳಿಯಲಿಲ್ಲ. 6ರಿಂದ 24 ಪಟ್ಟು ದೊಡ್ಡದು ಮಾಡಿ ತೋರಿಸುವ ಸ್ಕೋಪ್ ಅದು. ಹಿಂದಿನ ವಾರ ಗುರಿ ಅಭ್ಯಾಸದಲ್ಲಿ 18ಕ್ಕೆ ತಿರುಗಿಸಿದ್ದವನು ಹಾಗೇ ಬಿಟ್ಟಿದ್ದೆ. ಉಂಗುರವನ್ನು ಹಿಂದಕ್ಕೆ ತಿರುಗಿಸುವಷ್ಟರಲ್ಲಿ ಜಿಂಕೆ ಬಿಳಿ ಬಾಲ ಎತ್ತಿ ಮಾಯ.

ಆ ಸ್ಕೋಪಿಗೆ ಕೊಟ್ಟ ದುಡ್ಡು ರೈಫಲ್‌ಗೆ ಕೊಟ್ಟದ್ದಕ್ಕಿಂತ ಹೆಚ್ಚು. ಫೋನಿನಲ್ಲಿ ಬೆಲೆ ಕೇಳಿದ ಕೊಡಗಿನ ಗೆಳೆಯ ನಕ್ಕುಬಿಟ್ಟ: “ಅಷ್ಟು ದುಡ್ಡಿಗೆ ಕೈಲ್ ಪೊಳ್ದ್ ಹಬ್ಬದ ಗುರಿ ಪಂದ್ಯಕ್ಕೆ ಇಡೀ ಊರಿಗೇ ತೆಂಗಿನಕಾಯಿ ಕಟ್ಟಬಹುದು ಮಾರಾಯ. ನಮ್ಮವರು ಬರಿಗಣ್ಣಲ್ಲೇ ಹೊಡೀತಾರೆ!”

ಊರಿನಲ್ಲಿ ಓದುತ್ತಿರುವವರಿಗೆ ಒಂದು ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದಕ್ಕೆ 1991ರಲ್ಲಿ ಬಂದ ತಿದ್ದುಪಡಿ ಇವೆರಡೂ ಸೇರಿ ಹವ್ಯಾಸದ ಬೇಟೆಯ ಬಾಗಿಲು ಮುಚ್ಚಿವೆ. ಈ ಬರಹ ಪರವಾನಗಿ ಪಡೆದು ಬೇಟೆಯಾಡಬಹುದಾದ ಕಡೆ ನೆಲೆಸಿದವರಿಗೆ. ವಿಸ್ಕಾನ್ಸಿನ್‌ನಲ್ಲಾದರೆ 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆ ಸುರಕ್ಷತಾ ತರಬೇತಿ ಮುಗಿಸಿಯೇ ಪರವಾನಗಿ ಪಡೆಯಬೇಕು. ಎಚ್1ಬಿ ವೀಸಾದವರಿಗೆ ಇನ್ನೊಂದು ತೊಡಕಿದೆ: ಇಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ತಡೆಯುತ್ತದೆ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು. ಸ್ಕೋಪ್ ಕೊಳ್ಳುವ ಮೊದಲು ವಕೀಲರಿಗೊಂದು ಫೋನ್ ಮಾಡಿ.

ಹೆಜ್ಜೆ 1: ನಿಮ್ಮ ಜಾಗದಲ್ಲಿ ನಿಂತು ದೂರ ಅಳೆಯಿರಿ

ಅಂಗಡಿಗೆ ಹೋಗುವ ಮೊದಲು ಕಾಡಿಗೆ ಹೋಗಿ. ನೀವು ಕೂರುವ ಮರದಿಂದ ಗುಂಡಿಗೆ ದಾರಿ ಇರುವ ಕೊನೆಯ ಜಾಗ ಯಾವುದು ಅಂತ ನೋಡಿ, ಅಲ್ಲಿಗೆ ನಡೆದು ಹೆಜ್ಜೆ ಎಣಿಸಿ. ನನ್ನ ಓಕ್ ಕಾಡಿನಲ್ಲಿ ಎಲ್ಲ ದಿಕ್ಕಿಗೂ ನಡೆದೆ. ಅತಿ ದೂರ ಎಂದರೆ 85 ಹೆಜ್ಜೆ. ಪಕ್ಕದ ಜೋಳದ ಹೊಲದ ಅಂಚಿನಲ್ಲಿ ಕೂತರೆ 180. ಅಷ್ಟೇ. ಜಾಹೀರಾತಿನಲ್ಲಿ ಬರುವ ಸಾವಿರ ಗಜ ನನ್ನ ಬದುಕಿನಲ್ಲೇ ಇಲ್ಲ.

ಈಗ ಲೆಕ್ಕ. ಬಿಳಿಬಾಲದ ಜಿಂಕೆಯ ಎದೆಗೂಡಿನಲ್ಲಿ ಹೃದಯ, ಶ್ವಾಸಕೋಶ ಇರುವ ಭಾಗ ಸುಮಾರು 8 ಇಂಚು ಅಗಲ. ಇಲ್ಲಿ ಮನೆಮನೆಯಲ್ಲೂ ಇರುವ .30-06 ರೈಫಲನ್ನು 200 ಗಜದಲ್ಲಿ ಗುಂಡು ಗುರಿಗೇ ಬೀಳುವಂತೆ ಹೊಂದಿಸಿಟ್ಟರೆ, ಮಾಮೂಲಿ ತೋಟಾದಲ್ಲಿ ನೂರು ಗಜದ ಹತ್ತಿರ ಗುಂಡು ಸುಮಾರು ಎರಡು ಇಂಚು ಮೇಲೆ ಬೀಳುತ್ತದೆ. 300 ಗಜದಲ್ಲಿ ಸುಮಾರು ಎಂಟು ಇಂಚು ಕೆಳಗೆ. ಅಂದರೆ 200 ಗಜದವರೆಗೆ ಗುರಿ ಸರಿಸುವ ಯಾವ ತಿರುಗಣೆಯನ್ನೂ ಮುಟ್ಟದೆ, ಎದೆಗೂಡಿನ ನಡುವೆ ಸ್ಕೋಪಿನೊಳಗಿನ ಅಡ್ಡಗೆರೆ ಇಟ್ಟು ಹೊಡೆದರೆ ಸಾಕು. ದುಬಾರಿ ಸ್ಕೋಪಿನ ಬೆಲೆಯಲ್ಲಿ ದೊಡ್ಡ ಪಾಲು ಹೋಗುವುದು ಅದೇ ತಿರುಗಣೆಗಳ ಕರಾರುವಾಕ್ಕಿಗೆ. ಮುಟ್ಟದ ವಸ್ತುವಿಗೆ ದುಡ್ಡು ಯಾಕೆ?

ಪಟ್ಟು ಹೆಚ್ಚಾದಷ್ಟೂ ಕಾಣುವ ಅಗಲ ಕುಗ್ಗುತ್ತದೆ. 3 ಪಟ್ಟಿನಲ್ಲಿ ನೂರು ಗಜದಾಚೆ ಮೂವತ್ತು ಅಡಿಗೂ ಹೆಚ್ಚು ಅಗಲ ಕಾಣುತ್ತದೆ. 18ರಲ್ಲಿ ಅದೇ ಸುಮಾರು ಆರು ಅಡಿ. ನಲವತ್ತು ಗಜಕ್ಕೆ ಬಂದರೆ ಎರಡೂವರೆ ಅಡಿಯೂ ಇಲ್ಲ. ಜಿಂಕೆಯ ಮೈ ಅದಕ್ಕಿಂತ ಉದ್ದ. ನನಗೆ ಅವತ್ತು ಕೂದಲು ಮಾತ್ರ ಕಂಡದ್ದರ ಗುಟ್ಟು ಇಷ್ಟೇ.

ವ್ಯೋಮಿಂಗ್, ಮೊಂಟಾನಾದ ಬಯಲಿನಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಹಿಂದೆ ಹೋಗುವವರ ಕಥೆ ಬೇರೆ. ಅಲ್ಲಿ 300, 400 ಗಜ ಎದುರಾಗುತ್ತದೆ. ಗುಂಡಿನ ಇಳಿತಕ್ಕೆ ತಕ್ಕಂತೆ ತಿರುಗಣೆ ತಿರುಗಿಸಬೇಕು, ತಿರುಗಿಸಿದಷ್ಟೇ ಗುರಿ ಸರಿಯಬೇಕು. ನೀವು ಅಂಥವರಾಗಿದ್ದರೆ, ಮತ್ತು ಆ ದೂರಕ್ಕೆ ವರ್ಷವಿಡೀ ಅಭ್ಯಾಸ ಮಾಡುವವರಾಗಿದ್ದರೆ, ದುಬಾರಿ ಸ್ಕೋಪ್ ಕೊಳ್ಳಲು ಒಳ್ಳೆಯ ಕಾರಣವೇ ಇದೆ.

ಹೆಜ್ಜೆ 2: ಮಬ್ಬು ಬೆಳಕಿನ ಲೆಕ್ಕ, ನಿಮ್ಮ ವಯಸ್ಸಿನ ಲೆಕ್ಕ

ದುಬಾರಿ ಗಾಜಿನ ಪರವಾಗಿ ಎಲ್ಲರೂ ಎತ್ತುವ ಮಾತು ಮುಸ್ಸಂಜೆಯದ್ದು. ಜಿಂಕೆ ಹೊರಬರುವುದು ಬೆಳಗಿನ, ಸಂಜೆಯ ಮಬ್ಬಿನಲ್ಲಿ, ನಿಜ. ಆದರೆ ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಜಿಂಕೆಗೆ ಕೋವಿ ಎತ್ತಲು ಅನುಮತಿ ಇರುವುದು ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಸೂರ್ಯಾಸ್ತವಾಗಿ ಅರ್ಧ ಗಂಟೆಯ ಆಸುಪಾಸಿನವರೆಗೆ ಮಾತ್ರ. ಅಷ್ಟು ಬೆಳಕಿಗೆ ಸಾಧಾರಣ ಸ್ಕೋಪೂ ಸಾಲುತ್ತದೆಯೇ ಎನ್ನುವುದೇ ಪ್ರಶ್ನೆ.

ಸ್ಕೋಪಿನ ಮೇಲೆ 3-9x40 ಎಂದು ಬರೆದಿರುತ್ತದೆ: 3ರಿಂದ 9 ಪಟ್ಟು, ಮುಂದಿನ ಗಾಜು 40 ಮಿಲಿಮೀಟರ್. 40ನ್ನು ಪಟ್ಟಿನಿಂದ ಭಾಗಿಸಿ. 9ರಲ್ಲಿ ಇಟ್ಟರೆ ಕಣ್ಣಿನತ್ತ ಹೊರಬರುವ ಬೆಳಕಿನ ಕೋಲು 4.4 ಮಿ.ಮೀ. ದಪ್ಪ, 6ರಲ್ಲಿ ಇಟ್ಟರೆ 6.7. ಇನ್ನೊಂದು ತುದಿಯಲ್ಲಿ ನಿಮ್ಮ ಕಣ್ಣಪಾಪೆ. ಇಪ್ಪತ್ತರ ಹುಡುಗನಿಗೆ ಕತ್ತಲಲ್ಲಿ ಅದು 7 ಮಿ.ಮೀ.ವರೆಗೆ ಅರಳುತ್ತದೆ. ಐವತ್ತು ದಾಟಿದವರಿಗೆ ಸಾಮಾನ್ಯವಾಗಿ 5ರ ಹತ್ತಿರ ನಿಂತುಬಿಡುತ್ತದೆ. ಪಾಪೆಗಿಂತ ದಪ್ಪನೆಯ ಬೆಳಕಿನ ಕೋಲು ಒಳಗೆ ಹೋಗುವುದಿಲ್ಲ, ವ್ಯರ್ಥ.

ಇಲ್ಲಿ ಒಂದು ತಮಾಷೆಯಿದೆ. ಜರ್ಮನಿಯಲ್ಲಿ ಬೆಳದಿಂಗಳಲ್ಲಿ ಕಾಡುಹಂದಿ ಕಾಯುವವರ ಹಳೆಯ ಮೆಚ್ಚಿನದು 8x56. ಭಾಗಿಸಿ ನೋಡಿ: ಸರಿಯಾಗಿ 7. ಅರಳಿದ ಎಳೆಗಣ್ಣಿಗೆ ಹೊಲಿದ ಅಂಗಿ ಅದು. ಆದರೆ ಅಷ್ಟು ದುಡ್ಡು ಸುರಿಯುವ ತಾಕತ್ತು ಬರುವ ಹೊತ್ತಿಗೆ ನಮ್ಮಲ್ಲಿ ಬಹಳ ಮಂದಿಯ ಕಣ್ಣು 5ಕ್ಕೆ ಇಳಿದಿರುತ್ತದೆ. ಅಂಥವರು 3-9x40 ಸ್ಕೋಪನ್ನು 7, 8 ಪಟ್ಟಿಗೆ ಇಟ್ಟರೆ ಅವರ ಕಣ್ಣು ಕುಡಿಯಬಲ್ಲಷ್ಟು ಬೆಳಕು ಅದರಿಂದಲೇ ಬರುತ್ತದೆ.

ಹಾಗಾದರೆ ಗಾಜಿನ ಗುಣಕ್ಕೆ ಬೆಲೆಯಿಲ್ಲವೇ? ಇದೆ. ಲೇಪನವಿಲ್ಲದ ಗಾಜು ಒಂದೊಂದು ಮೇಲ್ಮೈಯಲ್ಲೂ ಸುಮಾರು ನೂರಕ್ಕೆ ನಾಲ್ಕರಷ್ಟು ಬೆಳಕನ್ನು ವಾಪಸು ಎಸೆಯುತ್ತದೆ. ಸ್ಕೋಪಿನೊಳಗೆ ಹತ್ತು ಮೇಲ್ಮೈ ಇದ್ದರೆ ಮೂರನೇ ಒಂದು ಪಾಲು ಬೆಳಕು ಅಲ್ಲೇ ಹೋಯಿತು. 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲ ಪ್ರತಿಫಲನ ತಡೆಯುವ ಲೇಪನ ಕಂಡುಹಿಡಿದ. ಇವತ್ತಿನ ಬಹುಪದರ ಲೇಪನದಲ್ಲಿ ಆ ಸೋರಿಕೆ ಒಂದು ಮೇಲ್ಮೈಗೆ ನೂರಕ್ಕೆ ಅರ್ಧದಷ್ಟು. ಒಂದು ಕಾಲದಲ್ಲಿ ಶ್ರೀಮಂತರ ಸೊತ್ತಾಗಿದ್ದ ಈ ಲೇಪನ ಈಗ ಇನ್ನೂರು ಡಾಲರ್‌ನ ಸ್ಕೋಪಿಗೂ ಬಂದಿದೆ. ಹಾಗಾಗಿ 300 ಡಾಲರ್ ಮತ್ತು 2,500 ಡಾಲರ್ ನಡುವೆ ಬೆಳಕಿನ ಪ್ರಮಾಣದ ಅಂತರ ದೊಡ್ಡದಲ್ಲ. ಹೆಚ್ಚಿನ ದುಡ್ಡು ಕೊಡುವುದು ಬೇರೆಯದನ್ನು: ಅಂಚಿನವರೆಗೂ ಕಲಸದ ಚಿತ್ರ, ಮುಳುಗುವ ಸೂರ್ಯನತ್ತ ತಿರುಗಿದಾಗಲೂ ಬಿಳಿ ಮಂಜು ಕವಿಯದ ನೋಟ, ಕರಿ ಪೊದೆಯ ಮುಂದೆ ನಿಂತ ಕಂದು ಮೈಯ ಅಂಚು ಬಿಡಿಸಿ ತೋರಿಸುವ ಚೊಕ್ಕತನ.

ಇನ್ನೊಂದು ಸಂಗತಿ ಮಾರುವವರು ಹೇಳುವುದು ಕಡಿಮೆ. ಮುಸ್ಸಂಜೆಯಲ್ಲಿ ಮೊದಲು ಮಾಯವಾಗುವುದು ಜಿಂಕೆಯಲ್ಲ, ಕೂದಲೆಳೆಯಂಥ ಕರಿಯ ಅಡ್ಡಗೆರೆ. ಅಂಚಿನಲ್ಲಿ ದಪ್ಪವಾಗಿ ನಡುವೆ ತೆಳುವಾಗುವ ಗೆರೆ, ಇಲ್ಲವೇ ನಡುವೆ ಹೊತ್ತಿಕೊಳ್ಳುವ ಸಣ್ಣ ಕೆಂಪು ಚುಕ್ಕೆ, ಸಾವಿರ ಡಾಲರ್‌ನ ಹೆಚ್ಚಿನ ಗಾಜಿಗಿಂತ ಅಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಪಟ್ಟಿನ ಜೊತೆ ಗೆರೆಯೂ ಹಿಗ್ಗಿ ಕುಗ್ಗುವ ಬಗೆಯ ಸ್ಕೋಪುಗಳು ಈಗ ಫ್ಯಾಷನ್. ಕಾಡಿನಲ್ಲಿ 3 ಪಟ್ಟಿಗೆ ಇಳಿಸಿದಾಗ ಅವುಗಳ ಗೆರೆ ಜೇಡರ ಬಲೆಯಷ್ಟು ಸಣ್ಣದಾಗುತ್ತದೆ. ದಟ್ಟ ಕಾಡಿನ ಬೇಟೆಗೆ ನಾನಂತೂ ಕೊಳ್ಳುವುದಿಲ್ಲ.

ಹೆಜ್ಜೆ 3: ಅಂಗಡಿಗೆ ಸಂಜೆ ಹೋಗಿ

ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಸ್ಕೋಪೂ ಚೆನ್ನ. ನವೆಂಬರಿನಲ್ಲಿ ಇಲ್ಲಿ ನಾಲ್ಕೂವರೆಗೆಲ್ಲ ಹೊತ್ತು ಮುಳುಗುತ್ತದೆ. ಅಂಗಡಿ ತೆರೆದೇ ಇರುತ್ತದೆ. ರೈಫಲ್‌ಗೆ ಕೂಡಿಸದ ಸ್ಕೋಪುಗಳನ್ನು ಬಾಗಿಲ ಬಳಿ ಒಯ್ದು ನೋಡಬಹುದೇ ಎಂದು ಕೇಳಿ. ಅಗ್ಗದ್ದು, ನಡುವಿನದು, ದುಬಾರಿಯದು ಮೂರನ್ನೂ 6 ಪಟ್ಟಿಗೇ ಇಟ್ಟು, ಪಾರ್ಕಿಂಗ್ ಆಚೆಯ ಮರದ ನೆರಳಿನಲ್ಲಿ ಒಂದು ಟೊಂಗೆ ಹಿಡಿದು ನೋಡಿ. ಒಂದೊಂದರಲ್ಲೂ ಆ ಟೊಂಗೆ ಎಷ್ಟು ಗಂಟೆಗೆ ಕಣ್ಮರೆಯಾಯಿತು, ಬರೆದುಕೊಳ್ಳಿ. ನನ್ನ ಕಣ್ಣಿಗೆ 300 ಡಾಲರ್‌ನದಕ್ಕೂ ಎಂಟು ಪಟ್ಟು ಬೆಲೆಯದಕ್ಕೂ ಕಂಡ ಅಂತರ ಏಳೋ ಎಂಟೋ ನಿಮಿಷ. ಎರಡೂ ಕಾನೂನಿನ ಹೊತ್ತು ಮುಗಿದ ಮೇಲೂ ತೋರಿಸುತ್ತಿದ್ದವು. 100 ಡಾಲರ್‌ನದು ಮಾತ್ರ ಮೊದಲೇ ಕೈಚೆಲ್ಲಿತು.

ತಲೆಯನ್ನು ತುಸು ಹಿಂದೆ ಮುಂದೆ ಸರಿಸಿಯೂ ನೋಡಿ. ಕಣ್ಣಿಗೂ ಗಾಜಿಗೂ ಮೂರೂವರೆ ಇಂಚಿನಷ್ಟು ಅಂತರದಲ್ಲಿ ಪೂರ್ತಿ ಚಿತ್ರ ಕಾಣಬೇಕು. ಕಡಿಮೆಯಾದರೆ ಕೋವಿ ಒದ್ದಾಗ ಸ್ಕೋಪಿನ ಅಂಚು ಹುಬ್ಬು ಸೀಳುತ್ತದೆ. ಹುಬ್ಬಿನ ಮೇಲೆ ಅರ್ಧಚಂದ್ರದ ಕಲೆ ಹೊತ್ತವರು ಇಲ್ಲಿ ಬೇಕಾದಷ್ಟು ಸಿಗುತ್ತಾರೆ.

ಹೆಜ್ಜೆ 4: ಚೌಕ ಹೊಡೆದು ಪರೀಕ್ಷಿಸಿ

ನನ್ನ ಮಟ್ಟಿಗೆ ಗಾಜಿಗಿಂತ ಮುಖ್ಯವಾದದ್ದು ಇದು. ಸ್ಕೋಪಿನ ಮೊದಲ ಕೆಲಸ ಇಟ್ಟ ಗುರಿಯನ್ನು ಕಾಪಾಡುವುದು. ತಿರುಗಣೆಯ ಒಂದು ಕ್ಲಿಕ್ಕಿಗೆ ಗುರಿ ನೂರು ಗಜದಲ್ಲಿ ಹೆಚ್ಚುಕಡಿಮೆ ಕಾಲು ಇಂಚು ಸರಿಯುತ್ತದೆ. ದೊಡ್ಡ ಕಾಗದ ಅಂಟಿಸಿ, ನಡುವಿನ ಚುಕ್ಕೆಗೇ ಗುರಿಯಿಟ್ಟು ಮೂರು ಗುಂಡು ಹೊಡೆಯಿರಿ. 20 ಕ್ಲಿಕ್ ಮೇಲೆ, ಮತ್ತೆ ಮೂರು. 20 ಬಲಕ್ಕೆ, ಮೂರು. 20 ಕೆಳಗೆ, ಮೂರು. 20 ಎಡಕ್ಕೆ, ಮೂರು. ಐದೈದು ಇಂಚಿನ ಚೌಕ ಮೂಡಬೇಕು. ಕೊನೆಯ ಮೂರು ತೂತು ಮೊದಲ ಮೂರರ ಮೇಲೇ ಬೀಳಬೇಕು. ಬೀಳದಿದ್ದರೆ ವಾಪಸು ಕೊಡುವ ಅವಧಿ ಮುಗಿಯುವುದರೊಳಗೆ ಅಂಗಡಿಗೆ ಒಯ್ಯಿರಿ.

ಆದರೆ ಸ್ಕೋಪನ್ನು ಬೈಯುವ ಮೊದಲು ಸ್ಕ್ರೂ ನೋಡಿ. ಎರಡನೇ ವರ್ಷ ನನ್ನ ಗುಂಡುಗಳು ಇದ್ದಕ್ಕಿದ್ದಂತೆ ನಾಲ್ಕು ಇಂಚು ಎಡಕ್ಕೆ ಬೀಳತೊಡಗಿದವು. ಸಿಟ್ಟಿನಲ್ಲಿ ಸ್ಕೋಪನ್ನು ತಯಾರಕರಿಗೆ ಕಳಿಸಿದೆ. ಐದು ವಾರದ ಮೇಲೆ ‘ದೋಷವಿಲ್ಲ’ ಎಂಬ ಚೀಟಿಯೊಂದಿಗೆ ಮರಳಿತು. ಮತ್ತೆ ಕೂಡಿಸುವಾಗ ನೋಡಿದರೆ ಸ್ಕೋಪನ್ನು ಕೋವಿಗೆ ಕಚ್ಚಿಸುವ ಹಿಡಿಯುಂಗುರದ ಬುಡದ ಸ್ಕ್ರೂ ಬೆರಳಲ್ಲೇ ತಿರುಗುತ್ತಿತ್ತು. ಅಂದಾಜಿಗೆ ಬಿಗಿ ಮಾಡಿದ್ದವನು ನಾನೇ. ಈಗ ಬಿಗಿತ ಅಳೆಯುವ ಸ್ಕ್ರೂಡ್ರೈವರ್ ಇಟ್ಟುಕೊಂಡಿದ್ದೇನೆ. ಹಿಡಿಯುಂಗುರದ ಮೇಲಿನ ಸ್ಕ್ರೂಗಳಿಗೆ ಸಾಮಾನ್ಯವಾಗಿ 15ರಿಂದ 18 ಇಂಚು-ಪೌಂಡ್.

ಮಂಜು ಕಟ್ಟುವ ಪರೀಕ್ಷೆ ಸುಲಭ. ಚಳಿಯಲ್ಲಿಟ್ಟ ಸ್ಕೋಪನ್ನು ಬೆಚ್ಚಗಿನ ಕೋಣೆಗೆ ತನ್ನಿ. ಹೊರಗಾಜಿನ ಮೇಲೆ ಕಟ್ಟಿದ ಮಂಜು ಒರೆಸಿದರೆ ಹೋಗುತ್ತದೆ. ಒಳಗೆ ಕಟ್ಟಿದರೆ ಅದು ಕೆಟ್ಟ ಸ್ಕೋಪ್. ಆರೆಗಾನ್‌ನ ಲ್ಯೂಪೋಲ್ಡ್ ಕಂಪನಿ 1947ರಲ್ಲಿ ಒಳಗೆ ನೈಟ್ರೋಜನ್ ತುಂಬಿ ಮಂಜು ಕಟ್ಟದ ಸ್ಕೋಪ್ ತಂದಾಗ ಅದು ದೊಡ್ಡ ಸುದ್ದಿ. ಇವತ್ತು ನೈಟ್ರೋಜನ್ ಅಥವಾ ಆರ್ಗಾನ್ ಇಲ್ಲದ ಸ್ಕೋಪನ್ನು ಯಾರೂ ಕೊಳ್ಳಬೇಕಿಲ್ಲ.

ಹೆಜ್ಜೆ 5: ದುಡ್ಡನ್ನು ಹರಡಿ ನೋಡಿ

3-9x40ರ ಗಟ್ಟಿ ಸ್ಕೋಪ್ ಹೆಚ್ಚುಕಡಿಮೆ 200ರಿಂದ 400 ಡಾಲರ್‌ಗೆ ಸಿಗುತ್ತದೆ. ಆಸ್ಟ್ರಿಯಾದ ಸ್ವರೋವ್ಸ್ಕಿ, ಜರ್ಮನಿಯ ಷ್ಮಿಟ್ ಆಂಡ್ ಬೆಂಡರ್‌ನ ಮೇಲ್ದರ್ಜೆಯ ಸ್ಕೋಪುಗಳು ಎರಡು ಸಾವಿರ ದಾಟುತ್ತವೆ. ನಡುವೆ ಉಳಿಯುವ ದುಡ್ಡಿಗೆ ಏನೇನು ಬರುತ್ತದೆ ಎಂದು ಒಂದು ಕಾಗದದಲ್ಲಿ ಬರೆಯಿರಿ. ಒಳ್ಳೆಯ ಹಿಡಿಯುಂಗುರ. ಅಭ್ಯಾಸಕ್ಕೆ ಹತ್ತು ಡಬ್ಬಿ ತೋಟಾ. ಮುಖ್ಯವಾಗಿ ಒಂದು ಒಳ್ಳೆಯ ಬೈನಾಕ್ಯುಲರ್.

ಬೈನಾಕ್ಯುಲರ್ ಯಾಕೆಂದರೆ, ‘ಅಲ್ಲಿ ಅಲುಗಿದ್ದು ಏನು’ ಎಂದು ಸ್ಕೋಪಿನಲ್ಲಿ ನೋಡುವುದೆಂದರೆ ಆ ಕಡೆಗೆ ಕೋವಿ ಹಿಡಿದಂತೆ. ಅಲುಗಿದ್ದು ಪಕ್ಕದ ಜಮೀನಿನವನಾಗಿದ್ದರೆ? ಹೀಗೆ ಮಾಡುವವರ ಜೊತೆ ನಾನು ಕಾಡಿಗೆ ಹೋಗುವುದಿಲ್ಲ.

ಗ್ಯಾರಂಟಿಯನ್ನೂ ಓದಿ. ಲ್ಯೂಪೋಲ್ಡ್, ವಿಸ್ಕಾನ್ಸಿನ್‌ನದೇ ಆದ ವೋರ್ಟೆಕ್ಸ್ ಕಂಪನಿಗಳ ಆಜೀವ ಗ್ಯಾರಂಟಿ ಎರಡನೇ ಕೈಗೆ ಹೋದ ಸ್ಕೋಪಿಗೂ ಉಂಟು. ಹಾಗಾಗಿ ಹಳೆಯದನ್ನು ಕೊಳ್ಳಲು ಹೆದರಬೇಕಿಲ್ಲ. ಊರಿನ ಗೆಳೆಯನಿಗೆಂದು ಸೂಟ್‌ಕೇಸಿಗೆ ಹಾಕುವ ಯೋಚನೆ ಮಾತ್ರ ಬೇಡ. ರೈಫಲ್ ಸ್ಕೋಪ್ ಅಮೆರಿಕದ ರಫ್ತು ನಿಯಂತ್ರಣದ ಪಟ್ಟಿಯಲ್ಲಿದೆ.

ನನ್ನ 6-24 ಮಾರಿದೆ. ಮೊಂಟಾನಾಕ್ಕೆ ಹೋಗುವ ಸಹೋದ್ಯೋಗಿಯೊಬ್ಬ ಖುಷಿಯಿಂದ ಕೊಂಡ. ಅವನ ಕೈಯಲ್ಲಿ ಅದಕ್ಕೆ ನಿಜವಾಗಿ ಬೆಲೆಯಿದೆ. ಬಂದ ದುಡ್ಡಿನಲ್ಲಿ 3-9x40, ಬೈನಾಕ್ಯುಲರ್ ಎರಡೂ ಬಂದು, ತೋಟಾಕ್ಕೂ ಉಳಿಯಿತು. ಹೊಸ ಸ್ಕೋಪಿನ ಉಂಗುರದ ಮೇಲೆ, 3ರ ಅಂಕಿಯ ಪಕ್ಕ, ನನ್ನ ಹೆಂಡತಿಯ ಹರಳಿನ ಸ್ಟಿಕ್ಕರ್ ಬೊಟ್ಟೊಂದು ಅಂಟಿಸಿದ್ದೇನೆ. ಅಟ್ಟಣೆ ಹತ್ತಿ ಕೂತ ಮೇಲೆ ಕತ್ತಲಲ್ಲಿ ಅಂಕಿ ಕಾಣುವುದಿಲ್ಲ. ಹೆಬ್ಬೆರಳಿಗೆ ಬೊಟ್ಟು ಸಿಕ್ಕಿತೆಂದರೆ ಸ್ಕೋಪ್ ಮೂರರಲ್ಲಿದೆ.