ಸ್ಪ್ಯಾನರ್ ಹಿಡಿಯುವ ಮೊದಲು ಪ್ಲೇ ಹುಡುಕಲು ಕಲಿಸುತ್ತೇನೆ

ಕುಮಟಾದ ನನ್ನ ಗ್ಯಾರೇಜಿಗೆ ಐಟಿಐ ಮುಗಿಸಿ ಬರುವ ಹುಡುಗರಿಗೆ ಸ್ಟೀರಿಂಗ್ ಮತ್ತು ಸಸ್ಪೆನ್ಷನ್ ಕೆಲಸ ಕಲಿಸುವಾಗ ಮೊದಲಿಗೇ ಸ್ಪ್ಯಾನರ್ ಕೊಡುವುದಿಲ್ಲ; ಪ್ಲೇ, ಅಂದರೆ ಕೀಲುಗಳಲ್ಲಿನ ಸಡಿಲ ಅಲುಗಾಟ, ಹುಡುಕಲು ಕಲಿಸುತ್ತೇನೆ. ಚಕ್ರ ಜೋಡಣೆಯ ಕೋನಗಳಾದ ಕ್ಯಾಂಬರ್, ಕ್ಯಾಸ್ಟರ್, ಟೋ ಎಂದರೇನೆಂದು ಅವರು ಓದಿಕೊಂಡೇ ಬಂದಿರುತ್ತಾರೆ. ಆದರೆ ದೇವಿಮನೆ ಘಾಟಿ ಇಳಿಯುವಾಗ ಮುಂದಿನ ಚಕ್ರದಲ್ಲಿ ಕಟಕಟ ಸದ್ದು ಬರುತ್ತದೆಂದು ಚಾಲಕ ದೂರಿದಾಗ, ಆ ಸದ್ದು ಯಾವ ಕೀಲಿನದೆಂದು ಗುರುತಿಸಲು ಕೈ ಪಳಗಬೇಕು.

ಮುಂಭಾಗವನ್ನು ಜಾಕ್‌ನಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿದ ನಂತರವೇ ಕೆಲಸ ಆರಂಭ. ಬರೀ ಜಾಕನ್ನು ನಂಬಿ ಗಾಡಿಯ ಅಡಿಗೆ ಹೋಗಲು ನಾನು ಯಾರನ್ನೂ ಬಿಡುವುದಿಲ್ಲ. ಚಕ್ರವನ್ನು ಎಡಬಲದಲ್ಲಿ ಹಿಡಿದು ಅಲುಗಿಸಿದಾಗ ಮಾತ್ರ ಪ್ಲೇ ಕಂಡರೆ ಟೈ ರಾಡ್ ಎಂಡ್ (ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಸರಳಿನ ತುದಿಯ ಕೀಲು) ಅಥವಾ ಸ್ಟೀರಿಂಗ್ ರ‍್ಯಾಕ್ ಕಡೆ ನೋಡಬೇಕು. ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಕಂಡರೆ ಬಾಲ್ ಜಾಯಿಂಟ್ (ಚಕ್ರದ ಭಾಗವನ್ನು ಸಸ್ಪೆನ್ಷನ್ ತೋಳಿಗೆ ಸೇರಿಸುವ ಗುಂಡು ಕೀಲು) ಅಥವಾ ಚಕ್ರದ ಬೇರಿಂಗಿನ ಮೇಲೆ ಅನುಮಾನ. ಆಗ ಇನ್ನೊಬ್ಬ ಹುಡುಗನನ್ನು ಸೀಟಿನಲ್ಲಿ ಕೂರಿಸಿ ಬ್ರೇಕ್ ಒತ್ತಿಸುತ್ತೇನೆ. ಚಕ್ರ ಕೂರುವ ಹಬ್ ಅನ್ನು ಬ್ರೇಕು, ಅದನ್ನು ಹೊತ್ತಿರುವ ನಕಲ್ ಎಂಬ ಭಾಗಕ್ಕೆ ಬಿಗಿಯಾಗಿ ಹಿಡಿದುಕೊಳ್ಳುವುದರಿಂದ, ಅಲುಗಾಟ ನಿಂತರೆ ದೋಷ ಬೇರಿಂಗಿನದು. ನಿಲ್ಲದಿದ್ದರೆ ಬಾಲ್ ಜಾಯಿಂಟಿನದು. ಇಷ್ಟು ಮಾಡದೆ ಭಾಗ ಬದಲಿಸುವುದು ಗಿರಾಕಿಯ ದುಡ್ಡಿಗೆ ಮಾಡುವ ಅನ್ಯಾಯವೆಂದೇ ನಾನು ತಿಳಿದಿದ್ದೇನೆ.

ನಮ್ಮ ಕರಾವಳಿಯಲ್ಲಿ ಬಿಚ್ಚುವುದೇ ದೊಡ್ಡ ಕೆಲಸ. ಉಪ್ಪು ಗಾಳಿಗೆ ನಟ್ಟು ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ. ಮೀನಿನ ಗಾಡಿಗಳಲ್ಲಂತೂ ಐಸ್ ಕರಗಿ ಸೋರುವ ಉಪ್ಪುನೀರು ನೇರವಾಗಿ ಕೆಳಭಾಗಕ್ಕೇ ಇಳಿಯುತ್ತದೆ. ಕೀಲಿನ ಮೇಲಿನ ರಬ್ಬರ್ ಹೊದಿಕೆ (ಬೂಟ್) ಹರಿದಿದ್ದರೆ ಮಳೆಗಾಲದಲ್ಲಿ ಕೆಸರು ಒಳಹೊಕ್ಕು ಗ್ರೀಸ್ ಕೆಡುತ್ತದೆ, ಕೀಲು ಸವೆಯುತ್ತದೆ. ಟೈ ರಾಡ್ ಎಂಡ್ ತೆಗೆಯುವಾಗ ಥ್ರೆಡ್ಡಿನ ಮೇಲೆ ಹೊಡೆಯದೆ, ಅದು ಕೂತಿರುವ ನಕಲ್ ಕಣ್ಣಿನ ಬದಿಗೆ ಸುತ್ತಿಗೆಯಿಂದ ಜೋರಾಗಿ ಬಡಿದರೆ ಟೇಪರ್ (ತುದಿಗೆ ಕಿರಿದಾಗುತ್ತ ಹೋಗುವ ಪಿನ್ನು) ತಾನೇ ಸಡಿಲಗೊಳ್ಳುತ್ತದೆ. ಹಳೆಯದನ್ನು ಬಿಚ್ಚುವಾಗ ಎಷ್ಟು ಸುತ್ತು ತಿರುಗಿತೆಂದು ಎಣಿಸಿ, ಹೊಸದನ್ನೂ ಅಷ್ಟೇ ಸುತ್ತು ಕೂರಿಸಿದರೆ ಟೋ, ಅಂದರೆ ಚಕ್ರಗಳು ಒಳಗೆ ಅಥವಾ ಹೊರಗೆ ತಿರುಗಿರುವ ಕೋನ, ಹೆಚ್ಚು ಕೆಡುವುದಿಲ್ಲ; ಹಾಗಿದ್ದರೂ ಅಲೈನ್‌ಮೆಂಟ್ ಮಾಡಿಸಲೇಬೇಕು. ನಟ್ಟು ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ಮಾತ್ರ ಪ್ರತಿಸಲವೂ ಹೊಸದು.

ಲೋಯರ್ ಆರ್ಮ್ ಬುಷ್ (ಸಸ್ಪೆನ್ಷನ್‌ನ ಕೆಳತೋಳಿನ ರಬ್ಬರ್ ಕೂಡಿಕೆ) ಹಾಕುವಾಗ ನಾನು ಹುಡುಗರ ಪಕ್ಕದಲ್ಲೇ ನಿಂತಿರುತ್ತೇನೆ. ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿದರೆ, ಗಾಡಿ ಕೆಳಗಿಳಿದ ಕೂಡಲೇ ಒಳಗಿನ ರಬ್ಬರ್ ತಿರುಚಿಕೊಂಡು ಹಾಗೆಯೇ ಉಳಿಯುತ್ತದೆ, ಬೇಗ ಹರಿಯುತ್ತದೆ. ಅದಕ್ಕೇ ಮೊದಲು ಸಡಿಲವಾಗಿ ಕೂರಿಸಿ, ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ಮೇಲೆ ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಅವಸರದಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ.

ಕೆಲಸ ಮುಗಿದ ಮೇಲೆ ಅದನ್ನು ಮಾಡಿದ ಹುಡುಗನನ್ನೇ ಚಾಲಕನ ಪಕ್ಕ ಕೂರಿಸಿ ಹೆದ್ದಾರಿಗೆ ಕಳಿಸುತ್ತೇನೆ. ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುತ್ತದೆಯೇ, ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆಯೇ ಎಂಬುದನ್ನು ಅವನೇ ನೋಡಿ ಬಂದು ಹೇಳಬೇಕು. ಅದಾದ ನಂತರವೇ ಬಿಲ್ ಬರೆಯುತ್ತೇನೆ.